ಆಕ್ಸಿಜನ್ ಲೆಕ್ಕ: ಜಿಲ್ಲಾ ಆಸ್ಪತ್ರೆಯ ಕೋವಿಡ್ ಅನುಭವ

2021ರ ಎರಡನೇ ಅಲೆಯಲ್ಲಿ ಖಾಲಿ ಹಾಸಿಗೆ ಎಣಿಸುವುದಕ್ಕಿಂತ ನಿಮಿಷಕ್ಕೆ ಎಷ್ಟು ಲೀಟರ್ ಆಕ್ಸಿಜನ್ ಹೋಗುತ್ತಿದೆ ಎಂಬ ಲೆಕ್ಕವೇ ನಮ್ಮ ಕೈಹಿಡಿಯಿತು. ಜಂಬೊ ಸಿಲಿಂಡರಿನಲ್ಲಿ ಸುಮಾರು 7,000 ಲೀಟರ್ ಅನಿಲ ಇರುತ್ತದೆ. ನಿಮಿಷಕ್ಕೆ 15 ಲೀಟರಿನ ಎನ್‌ಆರ್‌ಬಿಎಂ (ಆಕ್ಸಿಜನ್ ಚೀಲವಿರುವ) ಮಾಸ್ಕ್ ಹಾಕಿದವರಿಗೆ ಅದು ಏಳೂಮುಕ್ಕಾಲು ಗಂಟೆ ಬರುತ್ತದೆ. ನಿಮಿಷಕ್ಕೆ 60 ಲೀಟರ್ ಶುದ್ಧ ಆಕ್ಸಿಜನ್ ಎಳೆಯುವ ಎಚ್‌ಎಫ್‌ಎನ್‌ಸಿಗೆ (ಮೂಗಿನ ಕೊಳವೆಯಲ್ಲಿ ರಭಸವಾಗಿ ಆಕ್ಸಿಜನ್ ಕೊಡುವ ಯಂತ್ರ) ಎರಡು ಗಂಟೆಗೂ ಸಾಲದು. ನಾಲ್ಕು ಜನರ ಪಾಲು ಒಬ್ಬರಿಗೇ ಹೋಗುತ್ತದೆ. ಅದನ್ನು ಹಾಕುವ ವೈದ್ಯರಿಗೆ ಈ ಅಂಕಿ ಬಾಯಿಪಾಠ ಇರಲೇಬೇಕು.

ಪಾಳಿ ಬದಲಾಗುವಾಗ ಸಿಸ್ಟರ್ ಒಬ್ಬರು ಪ್ರತಿ ಹಾಸಿಗೆಯಲ್ಲಿ ಆಕ್ಸಿಜನ್ ಹರಿವು ತೋರಿಸುವ ಫ್ಲೋಮೀಟರ್ ಓದಿ, ಪಕ್ಕದಲ್ಲೇ ರೋಗಿಯ ಸ್ಯಾಚುರೇಶನ್ (ರಕ್ತದ ಆಕ್ಸಿಜನ್ ಶೇಕಡಾವಾರು) ಬರೆಯುತ್ತಿದ್ದರು. 97–98 ಇದ್ದವರಿಗೆ ಒಂದೆರಡು ಲೀಟರ್ ಇಳಿಸಿ, ಕಾಲು ಗಂಟೆ ಬಿಟ್ಟು ಮತ್ತೆ ನೋಡುವುದು. 92–96ರಲ್ಲಿ ನಿಂತರೆ ಸಾಕು. ಆಕ್ಸಿಜನ್‌ಗೆ ತೇವ ಕೊಡುವ ಹ್ಯುಮಿಡಿಫೈಯರ್ ಬಾಟಲಿಯ ಮುಚ್ಚಳ ಓರೆಯಾಗಿ ಕೂತರೆ ಅಲ್ಲೇ ಸೋರುತ್ತದೆ. ಊಟಕ್ಕೆ ಮಾಸ್ಕ್ ತೆಗೆದವರ ಫ್ಲೋಮೀಟರ್ ತೆರೆದೇ ಇರುವುದು ಇನ್ನೊಂದು ದೊಡ್ಡ ಪೋಲು.

ಟ್ಯಾಂಕಿನಲ್ಲಿ ದ್ರವ ಆಕ್ಸಿಜನ್ ತುಂಬಿದ್ದರೂ ಒತ್ತಡ ಕುಸಿಯಬಹುದು. ಮಿತಿ ಮೀರಿ ಎಳೆದಾಗ, ದ್ರವವನ್ನು ಅನಿಲ ಮಾಡುವ ವೇಪೊರೈಸರಿನ ರೆಕ್ಕೆಗಳ ಮೇಲೆ ಮಂಜುಗಡ್ಡೆ ದಪ್ಪಗೆ ಕಟ್ಟಿ, ದ್ರವ ಅನಿಲವಾಗುವುದು ನಿಧಾನವಾಗುತ್ತದೆ. ಕೊನೆಯ ವಾರ್ಡಿನಲ್ಲಿ ವೆಂಟಿಲೇಟರ್ ಅಲಾರಂ ಹೊಡೆದುಕೊಳ್ಳುತ್ತದೆ. ಎರಡು ವೇಪೊರೈಸರ್ ಇಟ್ಟು ಸರದಿಯಂತೆ ಬದಲಿಸಿ, ಬಿಡುವಿನಲ್ಲಿರುವುದಕ್ಕೆ ನೀರು ಹಾಯಿಸಿ ಮಂಜು ಕರಗಿಸಬೇಕು.

ಆಸ್ಪತ್ರೆಯ ಹಣಕಾಸಿಗೆ ಬಿದ್ದ ಪೆಟ್ಟು ಹೊರಗೆ ಕಾಣಲಿಲ್ಲ. ತುರ್ತಲ್ಲದ ಆಪರೇಷನ್ ನಿಂತು ಸರ್ಕಾರದ ಚಿಕಿತ್ಸಾ ಯೋಜನೆಯಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಿಂದ ಆಸ್ಪತ್ರೆಗೆ ಬರುವ ಕ್ಲೈಮುಗಳು ಇಳಿದವು. ಹೊರರೋಗಿಗಳಿಲ್ಲದೆ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗೆ ಬರುವ ಶುಲ್ಕವೂ ಬತ್ತಿತು. ಸರಬರಾಜಾಗದ ಔಷಧ, ಸಣ್ಣಪುಟ್ಟ ರಿಪೇರಿ ನಡೆಯುತ್ತಿದ್ದದ್ದೇ ಆ ಹಣದಲ್ಲಿ. ಅಲೆ ಇಳಿದ ಕೂಡಲೇ ಒಟಿ (ಆಪರೇಷನ್ ಕೋಣೆ) ತೆರೆಯಬೇಕೆಂದು ನಾನು ಪಟ್ಟು ಹಿಡಿದದ್ದು ಇದಕ್ಕೇ. ಹರ್ನಿಯಾ, ಕಣ್ಣಿನ ಪೊರೆ ಇಟ್ಟುಕೊಂಡು ತಿಂಗಳುಗಟ್ಟಲೆ ಕಾದ ಬಡವರಿಗೆ ಬೇರೆ ದಾರಿಯೂ ಇರಲಿಲ್ಲ.

ಆಮೇಲೆ ಉಳಿದದ್ದು ಗಾಳಿಯಿಂದಲೇ ಆಕ್ಸಿಜನ್ ಬೇರ್ಪಡಿಸುವ ಪಿಎಸ್‌ಎ ಘಟಕ. ಅದನ್ನು ಮುಚ್ಚಿಟ್ಟರೆ ಕೆಡುತ್ತದೆ. ಗಾಳಿಯ ತೇವವೋ ಕಂಪ್ರೆಸರ್ ಎಣ್ಣೆಯೋ ಒಳಹೊಕ್ಕರೆ ಸಾರಜನಕ ಹೀರಿಕೊಳ್ಳುವ ಜಿಯೋಲೈಟ್ ಹರಳು ಹಾಳಾಗಿ, ಶೇ 93ರ ಆಸುಪಾಸಿನಲ್ಲಿರಬೇಕಾದ ಶುದ್ಧತೆ 90ಕ್ಕಿಂತ ಕೆಳಗಿಳಿಯುತ್ತದೆ. ಗಾಳಿಯ ತೇವ ತೆಗೆಯುವ ಡ್ರೈಯರ್ ಕೆಟ್ಟಿದ್ದರೆ ಘಟಕ ಓಡಿಸಲೇಬೇಡಿ. ಬಿಡುವಿನ ಕಾಲದಲ್ಲೂ ವಾರಕ್ಕೊಮ್ಮೆ ಲೋಡ್ ಕೊಟ್ಟು ಓಡಿಸಿ, ಶುದ್ಧತೆ ಅಳೆಯುವ ಅನಲೈಸರ್ ಅಂಕಿಯನ್ನು ಲಾಗ್‌ಬುಕ್ಕಿನಲ್ಲಿ ಬರೆಯಿರಿ. ವಾರಂಟಿ ಮುಗಿಯುವ ಮುಂಚಿನ ವರ್ಷದ ಕ್ರಿಯಾಯೋಜನೆಯಲ್ಲೇ ನಿರ್ವಹಣಾ ಒಪ್ಪಂದ, ಫಿಲ್ಟರ್, ವಿದ್ಯುತ್ ಬಿಲ್ಲಿಗೆ ಬೇರೆ ಬೇರೆ ಮೊತ್ತ ಕೇಳಿ. ಒಟ್ಟಾಗಿ ‘ಆಕ್ಸಿಜನ್ ವೆಚ್ಚ’ ಎಂದು ಬರೆದರೆ ಸಿಲಿಂಡರ್ ತುಂಬಿಸುವುದಕ್ಕೇ ಅದು ಕರಗಿಹೋಗುತ್ತದೆ.