ಜೈಲಿನಲ್ಲಿರುವ ತಮ್ಮನನ್ನು ಹುಡುಕಿದ್ದು, ಕೈಬಿಡದೆ ಇದ್ದದ್ದು: ನನ್ನ ಅನುಭವ

ನನ್ನ ಚಿಕ್ಕಮ್ಮನ ಮಗ ಕ್ಯಾಲಿಫೋರ್ನಿಯಾದ ಸ್ಟೇಟ್ ಜೈಲಿನಲ್ಲಿದ್ದಾನೆ. ಕುಡಿದು ಕಾರು ಓಡಿಸಿದ, ಒಬ್ಬರ ಜೀವ ಹೋಯಿತು. ಇದನ್ನು ಮುಚ್ಚಿಟ್ಟು ಬರೆಯೋಕೆ ನನಗೆ ಮನಸ್ಸಿಲ್ಲ. ಆ ಮನೆಯವರ ದುಃಖದ ಮುಂದೆ ನಮ್ಮ ದುಃಖ ಏನೂ ಅಲ್ಲ. ಆದರೂ ಅವನು ನಾನು ಎತ್ತಿ ಆಡಿಸಿದ ಹುಡುಗ. ಈ ದೇಶದಲ್ಲಿ ಅವನಿಗೆ ಅಂತ ಇರೋದು ನಾನೊಬ್ಬಳೇ.

ಶಿಕ್ಷೆ ಆಗುವವರೆಗೆ ಅವನು ಕೌಂಟಿ ಜೈಲಿನಲ್ಲಿದ್ದ. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ಒಂದು ದಿನ ಬೆಳಗ್ಗೆ ಆ ಜೈಲಿನ ಪಟ್ಟಿಯಲ್ಲಿ ಅವನ ಹೆಸರೇ ಇರಲಿಲ್ಲ. ಫೋನ್ ಮಾಡಿದೆ. ‘ಇಲ್ಲಿಲ್ಲ, ಕಳಿಸಿ ಆಯ್ತು’ ಅಂದರು. ಎಲ್ಲಿಗೆ ಅಂತ ಹೇಳಲಿಲ್ಲ. ಕೈದಿಗಳನ್ನು ಯಾವಾಗ, ಎಲ್ಲಿಗೆ ಸಾಗಿಸ್ತಾರೆ ಅನ್ನೋದನ್ನು ಭದ್ರತೆಗಾಗಿ ಮೊದಲೇ ತಿಳಿಸೋದಿಲ್ಲ ಅಂತ ಆಮೇಲೆ ಗೊತ್ತಾಯಿತು. ಅವತ್ತು ಮಾತ್ರ ನನಗೆ ಕೈಕಾಲು ಆಡಲಿಲ್ಲ.

ಹುಡುಕೋಕೆ ಕೂತಾಗ ಮೊದಲು ತಪ್ಪು ಜಾಗದಲ್ಲೇ ಹುಡುಕಿದೆ. ಅಮೆರಿಕದಲ್ಲಿ ಫೆಡರಲ್, ಅಂದರೆ ಕೇಂದ್ರ ಸರ್ಕಾರದ ಜೈಲು ಬೇರೆ, ಸ್ಟೇಟ್ ಜೈಲು ಬೇರೆ, ಕೌಂಟಿ ಜೈಲು ಬೇರೆ. ಮೂರರ ಪಟ್ಟಿಯೂ ಬೇರೆ ಬೇರೆ. ನಾನು ಫೆಡರಲ್ ಪಟ್ಟಿಯಲ್ಲಿ ಎರಡು ದಿನ ತಡಕಾಡಿದೆ. ಅವನ ಮೇಲಿದ್ದದ್ದು ರಾಜ್ಯದ ಕಾನೂನಿನ ಕೇಸು, ಅಲ್ಲಿ ಸಿಗೋ ಮಾತೇ ಇಲ್ಲ. ಕ್ಯಾಲಿಫೋರ್ನಿಯಾದ ಜೈಲು ಇಲಾಖೆಯನ್ನು ಎಲ್ಲರೂ ಸಿಡಿಸಿಆರ್ ಅಂತಾರೆ. ಅವರದ್ದೇ ಒಂದು ಹುಡುಕುವ ಪುಟ ಇದೆ. ಲಾಸ್ಟ್ ನೇಮ್ ಹಾಕಿದರೆ ಕೈದಿಯ ನಂಬರ್, ವಯಸ್ಸು, ಒಳಗೆ ಬಂದ ದಿನ, ಈಗ ಯಾವ ಜೈಲು, ಎಲ್ಲ ಬರುತ್ತೆ.

ಅಲ್ಲೂ ಅವನು ಸಿಗಲಿಲ್ಲ. ಕಾರಣ ನಮ್ಮ ಹೆಸರುಗಳು. ನಮ್ಮ ಕಡೆ ಇನಿಷಿಯಲ್ ಇರುತ್ತೆ, ಸರ್‌ನೇಮ್ ಇರೋದಿಲ್ಲ ಅಲ್ವಾ? ಅವನ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ. ಹಾಗಿದ್ದರೆ ಅಮೆರಿಕದ ದಾಖಲೆಗಳಲ್ಲಿ ಫಸ್ಟ್ ನೇಮ್ ಕಡೆ ‘ಎಫ್‌ಎನ್‌ಯು’ ಅಂತ ಹಾಕ್ತಾರೆ. ಫಸ್ಟ್ ನೇಮ್ ಗೊತ್ತಿಲ್ಲ ಅನ್ನೋದರ ಚುಟುಕು ಅದು. ನಿಜವಾದ ಹೆಸರು ಹೋಗಿ ಲಾಸ್ಟ್ ನೇಮ್ ಜಾಗದಲ್ಲಿ ಕೂರುತ್ತೆ. ನಾನೋ ಚಿಕ್ಕಪ್ಪನ ಹೆಸರು ಹಾಕಿ ಹುಡುಕ್ತಾ ಇದ್ದೆ. ರಾತ್ರಿ ಹನ್ನೊಂದರ ಹೊತ್ತಿಗೆ ಅದು ಹೊಳೆದು, ಅವನ ಹೆಸರನ್ನೇ ಲಾಸ್ಟ್ ನೇಮ್ ಕಡೆ ಹಾಕಿದೆ. ಬಂತು. ಎರಡು ಅಕ್ಷರ, ನಾಲ್ಕು ಅಂಕಿಯ ಒಂದು ನಂಬರ್. ಜಾಗ, ಡಿಲಾನೋ ಊರಿನ ನಾರ್ತ್ ಕರ್ನ್ ಜೈಲು. ಆ ಪರದೆ ನೋಡಿಕೊಂಡು ಸುಮ್ನೆ ಅತ್ತುಬಿಟ್ಟೆ. ನಮ್ಮವರು ಯಾರಾದರೂ ಹೀಗೆ ಹುಡುಕೋದಾದರೆ ಹೆಸರನ್ನು ತಿರುಗಿಸಿ, ಮುರುಗಿಸಿ, ಎಲ್ಲ ರೀತಿಯಲ್ಲೂ ಹಾಕಿ ನೋಡಿ. ಹೊಸದಾಗಿ ಬಂದವರ ಹೆಸರು ಏರೋಕೆ ಕೆಲವು ದಿನ ಬೇಕಾಗುತ್ತೆ, ಅದನ್ನೂ ಮನಸ್ಸಿನಲ್ಲಿಡಿ.

ಆ ನಂಬರ್ ಇಲ್ಲದೆ ಒಂದು ಕೆಲಸವೂ ಸಾಗೋದಿಲ್ಲ. ಪತ್ರಕ್ಕೆ, ದುಡ್ಡಿಗೆ, ಭೇಟಿಗೆ, ಎಲ್ಲದಕ್ಕೂ ಅದೇ. ನಾನು ಬರೆದ ಮೊದಲ ಪತ್ರ ವಾಪಸ್ ಬಂತು. ಗಡಿಬಿಡಿಯಲ್ಲಿ ಲಕೋಟೆ ಮೇಲೆ ನಂಬರ್ ಬರೆಯೋದನ್ನೇ ಬಿಟ್ಟಿದ್ದೆ. ಹೆಸರು ಅವರ ದಾಖಲೆಯಲ್ಲಿ ಇರೋ ಹಾಗೇ ಇರಬೇಕು, ನಮ್ಮ ವಿಳಾಸವೂ ಪೂರ್ತಿ ಇರಬೇಕು. ಸಾದಾ ಹಾಳೆ, ಸಾದಾ ಪೆನ್ನು ಸಾಕು. ಸ್ಟಿಕರ್, ಮಿಂಚುವ ಕಾರ್ಡು, ಸೆಂಟು ಹಾಕಿದ ಕಾಗದ ಬೇಡ.

ಡಿಲಾನೋದ ಜೈಲು ಬಂದವರನ್ನು ಮೊದಲು ಇಟ್ಟುಕೊಂಡು, ಪರೀಕ್ಷೆ ಮಾಡಿ, ಎಲ್ಲಿಗೆ ಕಳಿಸಬೇಕು ಅಂತ ತೀರ್ಮಾನ ಮಾಡುವ ಜಾಗ. ಆ ಕೆಲವು ತಿಂಗಳು ಪತ್ರವೇ ನಮಗೆ ಗತಿಯಾಗಿತ್ತು. ಆಮೇಲೆ ಸೋಲೆಡಾಡ್‌ಗೆ ಹಾಕಿದರು. ಸ್ಪ್ಯಾನಿಷ್‌ನಲ್ಲಿ ಆ ಪದಕ್ಕೆ ಒಂಟಿತನ ಅಂತ ಅರ್ಥ. ಅವನಿಗೆ ನಾನಿದನ್ನು ಹೇಳಿಲ್ಲ. ಜೈಲು ಬದಲಾದದ್ದು ನನಗೆ ಗೊತ್ತಾಗಿದ್ದೂ ಆ ಪುಟದಿಂದಲೇ. ಪ್ರತಿ ಸೋಮವಾರ ಬೆಳಗ್ಗೆ ಕಾಫಿ ಹೊತ್ತಿಗೆ ತೆಗೆದು ನೋಡ್ತೀನಿ, ಈಗಲೂ.

ಭೇಟಿಗೆ ನಾವಾಗಿ ನಾವು ಹೋಗೋಕಾಗಲ್ಲ. ಅರ್ಜಿ ಅವನ ಕಡೆಯಿಂದ ಶುರುವಾಗಬೇಕು. ಫಾರ್ಮ್ 106ಕ್ಕೆ ಅವನು ಸಹಿ ಹಾಕಿ ನನಗೆ ಅಂಚೆಯಲ್ಲಿ ಕಳಿಸಿದ, ನಾನು ತುಂಬಿ ಕಳಿಸಿದೆ. ನಮ್ಮ ಮೇಲೆ ಯಾವತ್ತಾದರೂ ಕೇಸು, ಬಂಧನ ಆಗಿದ್ದರೆ ಬಿಡದೆ ಬರೆಯಬೇಕು. ಬಿದ್ದುಹೋದ ಹಳೇ ಕೇಸು ತಾನೇ ಅಂತ ಬಿಟ್ಟರೆ, ಮುಚ್ಚಿಟ್ಟರು ಅಂತಲೇ ಅರ್ಜಿ ತಳ್ಳಿಹಾಕ್ತಾರೆ. ಒಪ್ಪಿಗೆ ಬಂದ ಮೇಲೆ ಆನ್‌ಲೈನ್‌ನಲ್ಲಿ ದಿನ, ಹೊತ್ತು ಮೊದಲೇ ಬುಕ್ ಮಾಡಬೇಕು.

ಮೊದಲ ಭೇಟಿಗೆ ನಾನು ನೀಲಿ ಜೀನ್ಸ್ ಹಾಕಿಕೊಂಡು ಹೋಗಿದ್ದೆ. ಕೈದಿಗಳ ಬಟ್ಟೆ ಅದೇ ಬಣ್ಣ, ಅದೇ ಬಟ್ಟೆ. ಒಳಗೆ ಬಿಡಲಿಲ್ಲ. ಊರೊಳಗೆ ಓಡಿ ಒಂದು ಕಪ್ಪು ಪ್ಯಾಂಟ್ ಕೊಂಡು, ಕಾರಿನಲ್ಲೇ ಬದಲಾಯಿಸಿ ಬರೋ ಹೊತ್ತಿಗೆ ಒಂದು ಗಂಟೆ ಕಳೆದುಹೋಗಿತ್ತು. ಬ್ರಾದಲ್ಲಿ ತಂತಿ ಇದ್ದರೆ ಲೋಹ ಪತ್ತೆ ಮಾಡುವ ಯಂತ್ರ ಕೂಗುತ್ತೆ, ಹೆಂಗಸರು ಅದನ್ನೂ ನೋಡಿಕೊಳ್ಳಿ. ಸೋಲೆಡಾಡ್‌ನಲ್ಲಿ ಎರಡು ಸ್ಟೇಟ್ ಜೈಲುಗಳು ಪಕ್ಕಪಕ್ಕದಲ್ಲೇ ಇವೆ. ಯಾವ ಗೇಟಿಗೆ ಹೋಗಬೇಕು ಅಂತ ಮನೆಯಲ್ಲೇ ಸರಿಯಾಗಿ ನೋಡಿಕೊಂಡು ಹೊರಡಬೇಕು.

ಒಳಗೆ ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿ ಗುರುತಿನ ಚೀಟಿ, ಕಾರಿನ ಕೀ, ಚಿಲ್ಲರೆ ದುಡ್ಡು ಒಯ್ಯಬಹುದು. ಅಲ್ಲಿನ ಯಂತ್ರದಿಂದ ತಿಂಡಿ ತೆಗೆದುಕೊಡೋಕೆ. ದುಡ್ಡನ್ನು ಅವನು ಮುಟ್ಟೋ ಹಾಗಿಲ್ಲ. ಅವತ್ತು ಒಂದು ಬನ್ ತೆಗೆದುಕೊಟ್ಟೆ. ಬಂದಾಗ ಒಂದು ಸಲ, ಹೊರಡುವಾಗ ಒಂದು ಸಲ ತಬ್ಬಿಕೊಳ್ಳಬಹುದು. ‘ಅಕ್ಕ, ಅಮ್ಮ ಏನಂದ್ಳು?’ ಅಂತ ಕೇಳಿದ. ನಾನು ಹೇಳ್ತಾ ಹೋದೆ. ಅವನು ಬನ್ನಿನ ಕವರನ್ನು ಮಡಚಿದ, ಮತ್ತೆ ಮಡಚಿದ. ನಾನು ಮುಗಿಸೋ ಹೊತ್ತಿಗೆ ಅದು ಉಗುರಿನಷ್ಟಾಗಿತ್ತು. ನನ್ನ ಮುಖವನ್ನು ಒಂದು ಸಲವೂ ನೋಡಲಿಲ್ಲ.

ಫೋನ್ ಅವನೇ ಮಾಡಬೇಕು, ನಾವು ತಿರುಗಿ ಮಾಡೋಕಾಗಲ್ಲ. 2023ರ ಜನವರಿ 1ರಿಂದ ಕ್ಯಾಲಿಫೋರ್ನಿಯಾದ ಸ್ಟೇಟ್ ಜೈಲುಗಳಿಂದ ಬರುವ ಕರೆಗೆ ದುಡ್ಡಿಲ್ಲ, ಕಾನೂನೇ ಆಗಿದೆ. ಒಂದು ಕರೆಗೆ 15 ನಿಮಿಷ. ಮೊದಮೊದಲು ಗೊತ್ತಿಲ್ಲದ ನಂಬರ್‌ಗಳನ್ನು ನನ್ನ ಫೋನ್ ತಾನೇ ತಡೆದುಬಿಡುತ್ತಿತ್ತು, ಎರಡು ಕರೆ ಹಾಗೇ ಹೋದವು. ಸಾಲಿನಲ್ಲಿ ನಿಂತು ಕಾದು ಮಾಡಿದ ಕರೆಗಳು. ಆ ಸೆಟ್ಟಿಂಗ್ ಅವತ್ತೇ ತೆಗೆದೆ. ಕರೆಗಳನ್ನು ರೆಕಾರ್ಡ್ ಮಾಡ್ತಾರೆ, ಪತ್ರ ಒಡೆದು ನೋಡ್ತಾರೆ. ಹಾಗಾಗಿ ಕೇಸಿನ ಬಗ್ಗೆ ಒಂದಕ್ಷರ ಮಾತಾಡೋದಿಲ್ಲ, ಅದು ವಕೀಲರ ಹತ್ತಿರ ಮಾತ್ರ. ನಡುವೆ ಇನ್ನೊಬ್ಬರನ್ನು ಕರೆಗೆ ಸೇರಿಸೋದಕ್ಕೂ ಅವಕಾಶ ಇಲ್ಲ. ಇಲ್ಲದಿದ್ದರೆ ಚಿಕ್ಕಮ್ಮನನ್ನು ಯಾವತ್ತೋ ಸೇರಿಸುತ್ತಿದ್ದೆ.

ದುಡ್ಡಿನ ವಿಷಯ ಒಂದೇ ಮಾತು. ಸತ್ತವರ ಮನೆಯವರಿಗೆ ಕೊಡಬೇಕಾದ ಪರಿಹಾರ ಬಾಕಿ ಇದೆ, ನಾನು ಅವನ ಖಾತೆಗೆ ಹಾಕಿದ್ದರಲ್ಲಿ ಅರ್ಧ ಅದಕ್ಕೇ ಹೋಗುತ್ತೆ. ಹೋಗಲೇಬೇಕು.

ಚಿಕ್ಕಮ್ಮನ ಪತ್ರದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಊರಲ್ಲಿ ಅವರು ‘ಮಗನಿಗೆ ರಜೆ ಇಲ್ಲ’ ಅಂತ ಹೇಳಿಕೊಂಡಿದ್ದಾರೆ. ಅದು ಅವರಿಷ್ಟ. ಆದರೆ ಮಗನ ಜೊತೆಗೂ ಮಾತು ಬಿಟ್ಟುಬಿಟ್ಟಿದ್ದರು. ‘ಏನಂತ ಬರೀಲೇ ನಾನು?’ ಅಂತ ಫೋನಿನಲ್ಲಿ ಅಳೋರು. ‘ಏನಾದರೂ ಬರೀರಿ ಚಿಕ್ಕಮ್ಮ, ಮಳೆ ಬಂತು ಅಂತ ಬರೀರಿ’ ಅಂದೆ. ಮೊದಲ ಪತ್ರದಲ್ಲಿ ಇದ್ದದ್ದು ಎರಡೇ ಸಾಲು. ಗೆರೆ ಹಾಳೆಯಲ್ಲಿ ಬರೆದು ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದರು. ನಾನು ಪ್ರಿಂಟ್ ತೆಗೆದು ಅಂಚೆಗೆ ಹಾಕಿದೆ. ಅವರ ಕೈಬರಹವೇ ಹೋಗಲಿ ಅಂತ ಟೈಪ್ ಮಾಡಲಿಲ್ಲ. ಕನ್ನಡದ ಪತ್ರ ಇಂಗ್ಲಿಷಿನದ್ದಕ್ಕಿಂತ ನಿಧಾನವಾಗಿ ತಲುಪುತ್ತೆ, ಆದರೆ ತಲುಪುತ್ತೆ. ಈಗ ಹದಿನೈದು ದಿನಕ್ಕೊಂದು ಬರುತ್ತೆ, ಎರಡೆರಡು ಹಾಳೆ.

ಅವನು ಇಲ್ಲಿನ ಪ್ರಜೆ ಅಲ್ಲ. ಬಂಧನ ಆದಾಗ ನಮ್ಮ ಕಾನ್ಸುಲೇಟ್‌ಗೆ ತಿಳಿಸಿ ಅಂತ ಕೇಳುವ ಹಕ್ಕು 1963ರ ವಿಯೆನ್ನಾ ಒಪ್ಪಂದದಿಂದ ಅವನಿಗಿತ್ತು. ಅವನು ನಾಚಿಕೆಯಿಂದ ಕೇಳಿರಲಿಲ್ಲ. ಶಿಕ್ಷೆ ಮುಗಿದ ಮೇಲೆ ವಲಸೆ ಇಲಾಖೆಯವರು ಕರೆದುಕೊಂಡು ಹೋಗಬಹುದು. ಅವರ ಹುಡುಕುವ ಪುಟವೇ ಬೇರೆ, ಅಲ್ಲಿ ಬೇಕಾಗೋದು ‘ಎ’ ಇಂದ ಶುರುವಾಗುವ ಒಂಬತ್ತು ಅಂಕಿಯ ನಂಬರ್ ಮತ್ತು ಹುಟ್ಟಿದ ದೇಶ. ಆ ನಂಬರನ್ನು ಈಗಲೇ ಅವನ ಹತ್ತಿರ ಕೇಳಿ ಬರೆದಿಟ್ಟುಕೊಂಡಿದ್ದೀನಿ.

ನಿನ್ನೆ ಚಿಕ್ಕಮ್ಮನ ಹೊಸ ಪತ್ರ ಬಂತು. ಹಿತ್ತಲಿನ ಹಲಸಿನ ಮರ ಈ ಸಲ ಬುಡದಲ್ಲೇ ಕಾಯಿ ಬಿಟ್ಟಿದೆಯಂತೆ. ಅದರ ಫೋಟೋನೂ ಜೊತೆಗೆ ಕಳಿಸು ಅಂದಿದ್ದಾರೆ. ಸಂಜೆ ಪ್ರಿಂಟ್ ತೆಗೀಬೇಕು.