ಉಪಗ್ರಹ ಹೇಳಿದ ಕ್ಲೋರೊಫಿಲ್ ಅನ್ನು ಎಷ್ಟು ನಂಬಬಹುದು?

ಉಪಗ್ರಹ ಸಮುದ್ರದ ಬಣ್ಣ ನೋಡಿ, ನೀರಿನ ಸೂಕ್ಷ್ಮ ಪಾಚಿಗಳಲ್ಲಿರುವ ಹಸಿರು ವರ್ಣದ್ರವ್ಯ ಕ್ಲೋರೊಫಿಲ್ ಎಷ್ಟಿದೆ ಅಂತ ಅಂದಾಜು ಮಾಡುತ್ತದೆ. ಆ ನಕ್ಷೆ ಇಳಿಸಿಕೊಂಡು ಕೆಳಗೆ ಸುಮ್ನೆ ‘± 35%’ ಅಂತ ಬರೆದುಬಿಡಬೇಡಿ. ಅದು ತಿಳಿನೀರಿನ ತೆರೆದ ಸಾಗರಕ್ಕೆ ಹಾಕಿಕೊಂಡಿದ್ದ ಗುರಿ, ನಿಮ್ಮ ಪಿಕ್ಸೆಲ್‌ನ ಅನಿಶ್ಚಿತತೆಯಲ್ಲ.

ಉಪಗ್ರಹ ಕಾಣುವ ನೀಲಿ ಬೆಳಕಿನಲ್ಲಿ ಸುಮಾರು 90% ಗಾಳಿಯಲ್ಲೇ ಚದುರಿ ಬಂದದ್ದು. ನೀರಿನೊಳಗಿಂದ ಬಂದದ್ದು 10% ಇದ್ದರೆ ಹೆಚ್ಚು. ಹಾಗಾಗಿ ಕ್ಯಾಲಿಬ್ರೇಶನ್‌ನಲ್ಲಿ, ಅಂದರೆ ಉಪಕರಣದ ಅಳತೆ ಸರಿಹೊಂದಿಸುವುದರಲ್ಲಿ, 0.5% ಎಡವಿದರೂ ನೀರಿನ ಲೆಕ್ಕದಲ್ಲಿ ಅದು 5% ಆಗುತ್ತದೆ. ಹವಾಯಿಯ ಲನಾಯಿ ದ್ವೀಪದ ಬಳಿ ಮೋಬಿ ಅನ್ನುವ ತೇಲು ಉಪಕರಣ ನಿಲ್ಲಿಸಿರುವುದೂ ಈ ಕ್ಯಾಲಿಬ್ರೇಶನ್ ಸರಿಪಡಿಸುವುದಕ್ಕೇ.

ಮೊದಲು ಹಡಗಿನ ಅಳತೆಗಳ ಜೊತೆ ಹೋಲಿಸಿ. ಸಮಯದ ಅಂತರ 3 ಗಂಟೆಯೊಳಗಿರಲಿ, ಸುತ್ತಲಿನ 5×5 ಪಿಕ್ಸೆಲ್ ತೆಗೆದುಕೊಳ್ಳಿ, ಅವುಗಳೊಳಗೇ ಏರುಪೇರು ಜಾಸ್ತಿ ಇದ್ದರೆ ಆ ಜಾಗ ಬಿಡಿ. ಕ್ಲೋರೊಫಿಲ್ ಘನ ಮೀಟರಿಗೆ 0.02ರಿಂದ ಹತ್ತಾರು ಮಿಲಿಗ್ರಾಂವರೆಗೆ ಹರಡಿರುವುದರಿಂದ ವ್ಯತ್ಯಾಸವನ್ನು ಲಾಗ್‌ನಲ್ಲೇ (ಹತ್ತರ ಆಧಾರದ ಲಾಗರಿದಮ್) ತೆಗೆಯಬೇಕು, ಇಲ್ಲದಿದ್ದರೆ ಕರಾವಳಿಯ ನಾಲ್ಕು ಅಳತೆಗಳೇ ಇಡೀ ಲೆಕ್ಕವನ್ನು ಎಳೆದಾಡುತ್ತವೆ. ಲಾಗ್‌ನಲ್ಲಿ ಸರಾಸರಿ ತಪ್ಪು (ಹೆಚ್ಚೋ ಕಡಿಮೆಯೋ, ಯಾವ ಕಡೆಗಾದರೂ) 0.15 ಬಂತು ಅನ್ನಿ. ಅಂದರೆ 1.41 ಪಟ್ಟು. ಉಪಗ್ರಹ 0.5 ಅಂದರೆ ನಿಜ 0.35ರಿಂದ 0.7ರ ನಡುವೆ ಎಲ್ಲೋ ಇರಬಹುದು, ಅದೂ ಖಚಿತವಲ್ಲ. ಒಂದೇ ಕಡೆಗೆ ವಾಲುವ ತಪ್ಪನ್ನು ಬೇರೆ ಬರೆದಿಡಿ, ಎರಡನ್ನೂ ಬೆರೆಸಬೇಡಿ. ಹಡಗಿನ ಅಳತೆಯಲ್ಲೂ ತಪ್ಪಿರುತ್ತದೆ ಅಲ್ವಾ, ಬಾಟಲಿಯ ನೀರಿಗೂ ಒಂದು ಕಿಲೋಮೀಟರ್ ಅಗಲದ ಪಿಕ್ಸೆಲ್‌ಗೂ ಹೋಲಿಕೆ ಅಷ್ಟಕ್ಕಷ್ಟೇ. ಈ ಪಾಲೂ ನಿಮ್ಮ ಸಂಖ್ಯೆಯೊಳಗೆ ಸೇರಿಕೊಂಡಿದೆ.

ಆಮೇಲೆ ಪ್ರತಿ ಪಿಕ್ಸೆಲ್‌ಗೆ ಮಾಂಟೆ ಕಾರ್ಲೊ, ಅಂದರೆ ಅಡ್ಡಾದಿಡ್ಡಿ ಅಲುಗಿಸಿ ಮತ್ತೆ ಮತ್ತೆ ಲೆಕ್ಕ ಹಾಕುವ ವಿಧಾನ. ಪ್ರತಿ ಬ್ಯಾಂಡಿನ (ನೀಲಿ, ಹಸಿರಿನಂಥ ಒಂದೊಂದು ಬಣ್ಣದ ಪಟ್ಟಿಯ) ಬೆಲೆಯನ್ನು ಅದರ ತಪ್ಪಿನಷ್ಟು ಅಲುಗಿಸಿ, ಸಾವಿರ ಸಲ ಕ್ಲೋರೊಫಿಲ್ ಲೆಕ್ಕ ಹಾಕಿ, ಹರಡಿಕೆ ನೋಡಿ. ಇಲ್ಲಿ ಬಹಳ ಜನ ಜಾರುವುದು ಬ್ಯಾಂಡುಗಳನ್ನು ಒಂದಕ್ಕೊಂದು ಸಂಬಂಧವಿಲ್ಲದಂತೆ ಅಲುಗಿಸಿ. ಗಾಳಿಯಲ್ಲಿನ ಧೂಳನ್ನು ತಪ್ಪಾಗಿ ಅಂದಾಜು ಮಾಡಿದರೆ ನೀಲಿ, ಹಸಿರು ಎರಡೂ ಒಟ್ಟಿಗೇ ಕೆಡುತ್ತವೆ. ಕ್ಲೋರೊಫಿಲ್ ಲೆಕ್ಕಕ್ಕೆ ಈ ಎರಡರ ಅನುಪಾತ ತೆಗೆದಾಗ ಒಂದಷ್ಟು ತಪ್ಪು ಅಲ್ಲೇ ವಜಾ ಆಗಬಹುದು. ಕೋವೇರಿಯನ್ಸ್, ಅಂದರೆ ಬ್ಯಾಂಡುಗಳ ತಪ್ಪುಗಳು ಎಷ್ಟು ಒಟ್ಟಿಗೇ ಏರಿಳಿಯುತ್ತವೆ ಅನ್ನುವ ಲೆಕ್ಕ, ಹಾಕದಿದ್ದರೆ ಅದು ಕಾಣುವುದೇ ಇಲ್ಲ.

ತಿಂಗಳ ಸರಾಸರಿಯಲ್ಲೂ ಇದೇ ಕಥೆ. 10,000 ಪಿಕ್ಸೆಲ್ ಕೂಡಿಸಿದ್ದೇನೆ, ತಪ್ಪು ನೂರರಲ್ಲೊಂದು ಪಾಲಾಯಿತು ಅನ್ನಬೇಡಿ. ಅಕ್ಕಪಕ್ಕದ ಪಿಕ್ಸೆಲ್‌ಗಳು ನೋಡುವುದು ಒಂದೇ ಧೂಳಿನ ಮೂಲಕ.