ಕೆಳಹೊಟ್ಟೆಗೆ ಎರಡು ಲೆಕ್ಕ

"ಮೇಷ್ಟ್ರೇ, ಮುಖ ಇಳಿಯಿತು, ತೋಳು ಸಣ್ಣಗಾಯಿತು, ಹೊಕ್ಕುಳ ಕೆಳಗಿನ ಇದೊಂದು ಮಾತ್ರ ಜಪ್ಪಯ್ಯ ಎಂದರೂ ಕದಲುತ್ತಿಲ್ಲ." ದಾವಣಗೆರೆಯ ಕುಂದವಾಡ ಕೆರೆಯ ಏರಿಯ ಮೇಲೆ ಬೆಳಿಗ್ಗೆ ನಡೆಯಲು ಬರುವವರಿಂದ ನಾನು ಹೆಚ್ಚಾಗಿ ಕೇಳುವ ಮಾತು ಇದು. ಅವರಲ್ಲಿ ಬಟ್ಟೆ ಅಂಗಡಿಯ ಗಲ್ಲಾದ ಮುಂದೆ ದಿನವಿಡೀ ಕೂರುವವರಿದ್ದಾರೆ, ಬ್ಯಾಂಕಿನವರಿದ್ದಾರೆ, ಎರಡು ಹೆರಿಗೆಯಾದ ತಾಯಂದಿರಿದ್ದಾರೆ. ದೈಹಿಕ ಶಿಕ್ಷಕನ ಕೆಲಸದಿಂದ ನಿವೃತ್ತನಾದರೂ ಸೀಟಿ ಊದುವ ಚಟ ನನ್ನನ್ನು ಬಿಟ್ಟಿಲ್ಲ. ಹಾಗಾಗಿ ಎಲ್ಲರಿಗೂ ಸೇರಿಸಿ ಇಲ್ಲಿ ಬರೆದಿಡುತ್ತಿದ್ದೇನೆ. ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಕೊಬ್ಬು ಕರಗಿಸುವ ಲೆಕ್ಕ ಬೇರೆ, ಹೊಟ್ಟೆಯ ಸ್ನಾಯು ಗಟ್ಟಿ ಮಾಡುವ ಲೆಕ್ಕ ಬೇರೆ. ಎರಡನ್ನೂ ಒಂದೇ ವಹಿಯಲ್ಲಿ ಬರೆದವರು ದಿನಕ್ಕೆ ನೂರು ಸಲ ಮಲಗಿ ಎದ್ದು, ಕೊನೆಗೆ ಸೊಂಟ ಹಿಡಿದುಕೊಂಡು ಬರುತ್ತಾರೆ.

ಮೊದಲು ನಿಮ್ಮ ಹೊಟ್ಟೆ ಯಾವ ಬಗೆಯದು ಎಂದು ನೋಡಿಕೊಳ್ಳಿ. ನಿಂತುಕೊಂಡು ಹೊಕ್ಕುಳ ಕೆಳಗೆ ಎರಡು ಬೆರಳಿನಲ್ಲಿ ಹಿಡಿಯಿರಿ. ದಪ್ಪ ಮಡಿಕೆ ಕೈಗೆ ಬಂದರೆ ಅದು ಚರ್ಮದಡಿಯ ಕೊಬ್ಬು. ಹೊಟ್ಟೆ ಮುಂದೆ ಬಂದಿದ್ದರೂ ಮುಟ್ಟಿದರೆ ಗಟ್ಟಿಯಾಗಿದ್ದು, ಬೆರಳಿಗೆ ಹೆಚ್ಚೇನೂ ಸಿಗದಿದ್ದರೆ ಕೊಬ್ಬು ಒಳಗೆ, ಕರುಳು ಯಕೃತ್ತಿನ ಸುತ್ತ ಕೂತಿರುತ್ತದೆ. ಸಕ್ಕರೆ ಕಾಯಿಲೆಗೂ ಹೃದಯಕ್ಕೂ ಹೆಚ್ಚು ಕೆಡುಕು ಮಾಡುವುದು ಇದೇ. ಆದರೆ ಊಟ ತಿದ್ದಿ ನಡೆಯಲು ತೊಡಗಿದರೆ ಸಾಮಾನ್ಯವಾಗಿ ಮೊದಲು ಇಳಿಯುವುದೂ ಇದೇ. ಮೂರನೆಯದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಕನ್ನಡಿಗೆ ಪಕ್ಕಕ್ಕೆ ತಿರುಗಿ ನಿಲ್ಲಿ. ಪೃಷ್ಠ ಹಿಂದಕ್ಕೆ, ಸೊಂಟ ಒಳಕ್ಕೆ ಬಾಗಿ ಹೊಟ್ಟೆ ಮುಂದಕ್ಕೆ ಚೆಲ್ಲಿದಂತಿದೆಯೇ? ಹಾಗಿದ್ದರೆ ಪೃಷ್ಠವನ್ನು ಬಿಗಿ ಮಾಡಿ ಬಾಲಮೂಳೆಯನ್ನು ಕೆಳಕ್ಕೆ ಎಳೆದುಕೊಳ್ಳಿ. ಹೊಟ್ಟೆ ಅಲ್ಲಿಯೇ ತಗ್ಗಿದರೆ ನಿಮ್ಮ ತೊಂದರೆಯಲ್ಲಿ ಕೊಬ್ಬಿನ ಪಾಲಿನ ಜೊತೆ ನಿಲುವಿನ ಪಾಲೂ ಇದೆ. ಕುರ್ಚಿಯಲ್ಲೇ ಬದುಕು ಕಳೆಯುವವರಲ್ಲಿ ಇದು ತೀರಾ ಸಾಮಾನ್ಯ.

ಹೆರಿಗೆಯಾದ ತಾಯಂದಿರು ಇನ್ನೊಂದು ಪರೀಕ್ಷೆ ಮಾಡಿಕೊಳ್ಳಬೇಕು. ಅಂಗಾತ ಮಲಗಿ, ಮಂಡಿ ಮಡಚಿ, ತಲೆಯನ್ನು ಸ್ವಲ್ಪ ಎತ್ತಿ ಹೊಕ್ಕುಳ ಮೇಲೆ ಕೆಳಗೆ ನಡುಗೆರೆಯಲ್ಲಿ ಬೆರಳಿಟ್ಟು ಒತ್ತಿ ನೋಡಿ. ಎರಡು ಬೆರಳು ಅಥವಾ ಹೆಚ್ಚು ಒಳಗಿಳಿಯುವಷ್ಟು ಸಂದಿದ್ದರೆ ಹೊಟ್ಟೆಯ ಸ್ನಾಯುಗಳು ನಡುವೆ ಬಿಟ್ಟುಕೊಂಡಿವೆ. ಅಂಥವರು ಮಲಗಿ ಏಳುವ ವ್ಯಾಯಾಮಕ್ಕೆ ಕೈ ಹಾಕದೆ ಮೊದಲು ಫಿಸಿಯೋಥೆರಪಿಸ್ಟರನ್ನು ಕಾಣಲಿ.

ಇನ್ನು, ಹೊಟ್ಟೆಗೆ ವ್ಯಾಯಾಮ ಮಾಡಿದರೆ ಹೊಟ್ಟೆಯದೇ ಕೊಬ್ಬು ಏಕೆ ಕರಗುವುದಿಲ್ಲ? ಸ್ನಾಯುವಿಗೆ ಬೇಕಾದ ಇಂಧನ ರಕ್ತದ ಮೂಲಕ ಬರುತ್ತದೆ. ಆ ರಕ್ತಕ್ಕೆ ಮೈಯ ಎಲ್ಲ ಕಡೆಯ ಕೊಬ್ಬೂ ಸ್ವಲ್ಪ ಸ್ವಲ್ಪ ಬಂದು ಸೇರುತ್ತದೆ. ಕೆರೆಯ ಒಂದು ಮೂಲೆಯಿಂದ ನೀರೆತ್ತಿದರೆ ಆ ಮೂಲೆಯೊಂದೇ ಬತ್ತುವುದಿಲ್ಲ. ಇಡೀ ಕೆರೆಯ ಮಟ್ಟ ಇಳಿಯುತ್ತದೆ, ಆಳವಾದ ಗುಂಡಿ ಕೊನೆಗೆ ಬತ್ತುತ್ತದೆ. ಕೆಳಹೊಟ್ಟೆ ಆ ಗುಂಡಿ. ಅಲ್ಲಿನ ಕೊಬ್ಬಿನ ಕೋಶಗಳಲ್ಲಿ ಕರಗುವಿಕೆಗೆ ತಡೆಯೊಡ್ಡುವ ಗ್ರಾಹಕಗಳು, ಅಂದರೆ ಹಾರ್ಮೋನಿನ ಸಂದೇಶ ಹಿಡಿಯುವ ಕೊಂಡಿಗಳು, ಹೆಚ್ಚು. ಅದಕ್ಕೇ ಕೊಬ್ಬು ಬಿಡಿಸುವ ಹಾರ್ಮೋನಾದ ಅಡ್ರಿನಲಿನ್ ಬಂದು ಬಾಗಿಲು ಬಡಿದರೂ ಅವು ಬೇಗ ಬಿಟ್ಟುಕೊಡುವುದಿಲ್ಲ. ಮುಖ, ತೋಳು ಮೊದಲು ಇಳಿಯುತ್ತಿವೆ ಎಂದರೆ ಕೆಲಸ ಸರಿಯಾಗಿಯೇ ನಡೆದಿದೆ.

ಈಗ ಅಡುಗೆಮನೆಗೆ ಬನ್ನಿ. ಬೆಣ್ಣೆ ದೋಸೆ ಬಿಡಿ ಎಂದು ದಾವಣಗೆರೆಯಲ್ಲಿ ಕೂತು ಬರೆಯುವ ಧೈರ್ಯ ನನಗಿಲ್ಲ, ಅಗತ್ಯವೂ ಇಲ್ಲ. ಒಂದು ದೊಡ್ಡ ಚಮಚ, ಅಂದರೆ ಸುಮಾರು 14 ಗ್ರಾಂ ಬೆಣ್ಣೆಯಲ್ಲಿ 100 ಕ್ಯಾಲೊರಿ ಇರುತ್ತದೆ. ಕಾವಲಿಯ ಮೇಲೆ ಹಾಕಿದ್ದು, ಮೇಲೊಂದು ಮುದ್ದೆ ಇಟ್ಟಿದ್ದು ಎಲ್ಲ ಸೇರಿಸಿ ನೀವೇ ಅಂದಾಜು ಮಾಡಿ. ವಾರಕ್ಕೊಮ್ಮೆ ತಿನ್ನಿ, ಆ ದಿನ ಮಧ್ಯಾಹ್ನದ ಊಟ ಹಗುರಾಗಿರಲಿ. ನನ್ನ ಅನುಮಾನ ಇರುವುದು ಸಂಜೆಯ ಮಂಡಕ್ಕಿ ಮೆಣಸಿನಕಾಯಿಯ ಮೇಲೆ. ಮಂಡಕ್ಕಿ ಪಾಪದ್ದು, 30 ಗ್ರಾಂ ಹಾಕಿದರೆ ತಟ್ಟೆ ತುಂಬುತ್ತದೆ, ಸುಮಾರು 120 ಕ್ಯಾಲೊರಿ ಅಷ್ಟೇ. ಅದಕ್ಕೆ ಕಲಸುವ ಎಣ್ಣೆ ಒಂದು ದೊಡ್ಡ ಚಮಚವಾದರೆ ಅದೂ 120. ಕಡಲೆಹಿಟ್ಟು ಹೊದ್ದು ಎಣ್ಣೆಯಲ್ಲಿ ಮುಳುಗಿ ಬಂದ ಮೆಣಸಿನಕಾಯಿ ಮಾತಿನ ಭರದಲ್ಲಿ ಎಷ್ಟು ಒಳಗೆ ಹೋದವು ಎಂದು ಯಾರೂ ಎಣಿಸುವುದಿಲ್ಲ. ಆಮೇಲೆ ಮನೆಗೆ ಹೋಗಿ, ಏನೂ ತಿಂದೇ ಇಲ್ಲ ಎನ್ನುವಂತೆ ರಾತ್ರಿಯ ಊಟ. ಮಂಡಕ್ಕಿಗೆ ಈರುಳ್ಳಿ, ಟೊಮೆಟೊ, ಸೌತೆಕಾಯಿ, ಒಂದು ಹಿಡಿ ಹುರಿಗಡಲೆ, ನಿಂಬೆರಸ ಹಾಕಿ ಮನೆಯಲ್ಲೇ ಕಲಸಿಕೊಳ್ಳಿ. ಮೆಣಸಿನಕಾಯಿಯನ್ನು ಹಸಿಯಾಗಿಯೇ ಕಚ್ಚಿ.

ನಮ್ಮ ರೊಟ್ಟಿ ಊಟಕ್ಕೆ ನಾನು ಹೆಚ್ಚೇನೂ ತಿದ್ದುಪಡಿ ಹೇಳುವುದಿಲ್ಲ. ಎರಡು ಜೋಳದ ರೊಟ್ಟಿ, ಬಟ್ಟಲು ತುಂಬ ಹೆಸರುಕಾಳು ಅಥವಾ ಮಡಿಕೆಕಾಳಿನ ಪಲ್ಯ, ಪಕ್ಕದಲ್ಲಿ ಮೂಲಂಗಿ, ಸೌತೆಕಾಯಿ, ಕೊನೆಗೆ ಮಜ್ಜಿಗೆ. ಬದನೆಕಾಯಿ ಎಣ್ಣೆಗಾಯಿ ಬಡಿಸುವಾಗ ಮೇಲೆ ತೇಲುವ ಎಣ್ಣೆಯನ್ನು ಪಾತ್ರೆಯಲ್ಲೇ ಉಳಿಸಿ. ಶೇಂಗಾ ಚಟ್ನಿಪುಡಿ ಒಳ್ಳೆಯದೇ, ಆದರೆ 100 ಗ್ರಾಂ ಶೇಂಗಾದಲ್ಲಿ 560ಕ್ಕೂ ಹೆಚ್ಚು ಕ್ಯಾಲೊರಿ ಇರುತ್ತದೆ. ಚಮಚದಲ್ಲಿ ಹಾಕಿಕೊಳ್ಳಿ, ಹಿಡಿಯಲ್ಲಿ ಬೇಡ. ಪ್ರೋಟೀನ್ ಕಡಿಮೆಯಾದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಮೂತ್ರಪಿಂಡದ ತೊಂದರೆ ಇಲ್ಲದವರು ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 1 ಗ್ರಾಂ ಆದರೂ ತಿನ್ನಬೇಕು. 100 ಗ್ರಾಂ ಒಣ ಹೆಸರುಕಾಳಿನಲ್ಲಿ ಸುಮಾರು 24 ಗ್ರಾಂ, ಒಂದು ಮೊಟ್ಟೆಯಲ್ಲಿ 6 ಗ್ರಾಂ ಸಿಗುತ್ತದೆ. ಅನ್ನ ತಿಳಿಸಾರನ್ನೇ ಮೂರು ಹೊತ್ತು ಉಂಡು "ನಾನು ತಿನ್ನುವುದೇ ಕಡಿಮೆ" ಎನ್ನುವವರು ಈ ಸಾಲನ್ನು ಇನ್ನೊಮ್ಮೆ ಓದಿ. ಚಹಾದ ಸಕ್ಕರೆಯೂ ಲೆಕ್ಕಕ್ಕೆ ಬರುತ್ತದೆ: ಎರಡು ಚಮಚ ಸಕ್ಕರೆಯ ಚಹಾ ಐದು ಸಲ ಕುಡಿದರೆ ಸಕ್ಕರೆಯದೇ ಸುಮಾರು 200 ಕ್ಯಾಲೊರಿ. ಜೀರಿಗೆ ನೀರು, ಜೇನು ನಿಂಬೆಹಣ್ಣಿನ ಬಿಸಿನೀರು ಬೇಕಾದರೆ ಕುಡಿಯಿರಿ; ಅವು ಕೊಬ್ಬನ್ನು ಕರಗಿಸುವುದಿಲ್ಲ. ಸೊಂಟಕ್ಕೆ ಸುತ್ತುವ ಬಿಸಿ ಬೆಲ್ಟು ಇಳಿಸುವುದು ಬೆವರನ್ನು ಮಾತ್ರ. ಎರಡು ಲೋಟ ನೀರು ಕುಡಿದರೆ ತೂಕ ವಾಪಸು.

ಒಂದು ಕಿಲೋ ಕೊಬ್ಬು ಎಂದರೆ ಹೆಚ್ಚು ಕಡಿಮೆ 7,700 ಕ್ಯಾಲೊರಿ. ತಿನ್ನುವುದರಲ್ಲಿ ದಿನಕ್ಕೆ 300 ಕಡಿಮೆ ಮಾಡಿ, ನಡಿಗೆಯಲ್ಲಿ 200 ಖರ್ಚು ಮಾಡಿದರೆ ಎರಡು ವಾರಕ್ಕೆ ಒಂದು ಕಿಲೋ ಹತ್ತಿರ ಇಳಿಯಬಹುದು. 70 ಕಿಲೋ ತೂಕದವರಿಗೆ ಮುಕ್ಕಾಲು ಗಂಟೆಯ ಬಿರುಸು ನಡಿಗೆ ಆ 200ಕ್ಕೆ ಸಾಕು. ಬಿರುಸು ಎಂದರೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಕೆರೆ ಏರಿಯ ಮೇಲೆ ನಾಲ್ವರು ಅಡ್ಡಡ್ಡ ಸಾಲಾಗಿ ರಾಜಕೀಯ ಚರ್ಚಿಸುತ್ತ ಹೋಗುವುದನ್ನು ನಾನು ನಡಿಗೆಯ ಲೆಕ್ಕಕ್ಕೆ ಸೇರಿಸುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಏಳು ಗಂಟೆಯೊಳಗೆ ಮುಗಿಸಿಬಿಡಿ.

ಎರಡನೆಯ ಲೆಕ್ಕ ಸ್ನಾಯುವಿನದು. ನಮ್ಮೂರ ಗರಡಿಮನೆಗಳ ಹಳೆಯ ಪೈಲ್ವಾನರು ದಂಡ, ಬಸ್ಕಿ ಹೊಡೆದು, ಗದೆ ತಿರುಗಿಸಿ ನಡು ಗಟ್ಟಿ ಮಾಡಿಕೊಂಡವರು. ಅವರಲ್ಲಿ ಹಲವರಿಗೆ ಒಳ್ಳೆಯ ಹೊಟ್ಟೆಯೂ ಇತ್ತು. ಆದರೆ ಅದಕ್ಕೆ ಗುದ್ದಿದರೆ ನೋಯುತ್ತಿದ್ದುದು ನಮ್ಮ ಕೈ. ಎರಡೂ ಲೆಕ್ಕ ಬೇರೆ ಎಂದು ನನಗೆ ಮೊದಲು ತೋರಿಸಿಕೊಟ್ಟವರು ಅವರೇ. ಪಕ್ಕೆಲುಬಿನಿಂದ ಜನನಾಂಗದ ಮೇಲಿನ ಮೂಳೆಯವರೆಗೆ ಹೊಟ್ಟೆಯ ಮುಂಭಾಗದ ಉದ್ದ ಸ್ನಾಯು ಒಂದೇ. ಕೆಳಹೊಟ್ಟೆಗೆಂದೇ ಪ್ರತ್ಯೇಕವಾದದ್ದು ಇಲ್ಲ, ಕಾಲನ್ನೂ ಪೃಷ್ಠವನ್ನೂ ಎತ್ತುವಾಗ ಕೆಳಭಾಗಕ್ಕೆ ಹೆಚ್ಚು ಕೆಲಸ ಬೀಳುತ್ತದೆ ಅಷ್ಟೇ. ಅದರ ಒಳಗೆ ಪಟ್ಟಿಯ ಹಾಗೆ ಅಡ್ಡಲಾಗಿ ಸುತ್ತುವರಿದ ಇನ್ನೊಂದು ಸ್ನಾಯು ಇದೆ. ಹೊಟ್ಟೆಯನ್ನು ಒಳಗೆ ಹಿಡಿದಿಡುವುದು ಅದು, ಆದ್ದರಿಂದ ಅಲ್ಲಿಂದಲೇ ಶುರು ಮಾಡೋಣ.

ಚಾಪೆಯ ಮೇಲೆ ಅಂಗಾತ ಮಲಗಿ, ಮಂಡಿ ಮಡಚಿ ಪಾದ ನೆಲಕ್ಕೂರಿ. ಒಂದು ಅಂಗೈಯನ್ನು ಸೊಂಟದ ಕೆಳಗಿನ ಸಂದಿಗೆ ಸೇರಿಸಿ. ಬಾಯಿಂದ ಉಸಿರನ್ನು ಪೂರ್ತಿ ಹೊರಹಾಕುತ್ತ ಹೊಕ್ಕುಳನ್ನು ಬೆನ್ನಿನ ಕಡೆ ಎಳೆದು, ಸೊಂಟದಿಂದ ಆ ಅಂಗೈಯನ್ನು ಒತ್ತಿ. ಐದು ಎಣಿಸಿ ಬಿಡಿ. ಹತ್ತು ಸಲ. ಇದು ಬಾರದೆ ಮುಂದಿನದಕ್ಕೆ ಹೋಗಬೇಡಿ, ಏಕೆಂದರೆ ಮುಂದಿನದೆಲ್ಲದರಲ್ಲೂ ಹೊಟ್ಟೆಯನ್ನು ಹೀಗೆಯೇ ಒಳಗೆ ಹಿಡಿದು, ಸೊಂಟ ಬಾಗದಂತೆ ನೋಡಿಕೊಳ್ಳಬೇಕು.

ಆಮೇಲೆ ಜಿಮ್‌ನವರು ಡೆಡ್ ಬಗ್ ಎನ್ನುವುದು. ಎರಡೂ ಕೈ ಮೇಲಕ್ಕೆ, ಮಡಚಿದ ಮಂಡಿಗಳು ಸೊಂಟದ ನೇರಕ್ಕೆ. ಉಸಿರು ಬಿಡುತ್ತ ಬಲಗೈಯನ್ನು ತಲೆಯ ಹಿಂದಕ್ಕೂ ಎಡಗಾಲನ್ನು ಮುಂದಕ್ಕೂ ಚಾಚಿ; ಹಿಮ್ಮಡಿ ನೆಲಕ್ಕೆ ತಾಗಬಾರದು. ಮತ್ತೆ ಮಡಚಿ, ಇನ್ನೊಂದು ಬದಿ. ಪ್ರತಿ ಬದಿಗೆ ಎಂಟು. ಸೊಂಟ ಎದ್ದರೆ ಕಾಲನ್ನು ಅಷ್ಟು ದೂರ ಚಾಚಬೇಡಿ. ಮೂರನೆಯದು, ಮಡಚಿದ ಮಂಡಿಗಳನ್ನು ಎದೆಯ ಕಡೆ ತಂದು ಪೃಷ್ಠವನ್ನು ನಾಲ್ಕು ಬೆರಳಿನಷ್ಟು ನೆಲದಿಂದ ಎತ್ತುವುದು. ಕಾಲು ಬೀಸಿದರೆ ಕೆಲಸವಾಗುವುದಿಲ್ಲ. ಎತ್ತುವಾಗ ಹೊಟ್ಟೆಯ ಬಲ, ಇಳಿಸುವಾಗ ನಾಲ್ಕರವರೆಗೆ ಎಣಿಕೆ. ಹತ್ತು ಸಾಕು. ಕೊನೆಗೆ ಪ್ಲ್ಯಾಂಕ್, ಅಂದರೆ ಬೋರಲಾಗಿ ಮೊಣಕೈ ಮತ್ತು ಕಾಲ್ಬೆರಳು ಊರಿ ಮೈಯನ್ನು ಹಲಗೆಯಂತೆ ನೆಟ್ಟಗೆ ಹಿಡಿಯುವುದು: ಪೃಷ್ಠ ಬಿಗಿ ಹಿಡಿದು 20 ಸೆಕೆಂಡಿನಂತೆ ಮೂರು ಸಲ. ಸೊಂಟ ಜೋತುಬಿದ್ದು ಎರಡು ನಿಮಿಷ ನಿಂತ ಫೋಟೊ ನನಗೆ ಕಳಿಸಬೇಡಿ. ನಿಲುವಿನ ತೊಂದರೆ ಇರುವವರು ಅಂಗಾತ ಮಲಗಿ, ಮಂಡಿ ಮಡಚಿ ಪೃಷ್ಠವನ್ನು ಮೇಲೆತ್ತುವ ಸೇತುಬಂಧಾಸನವನ್ನೂ ಸೇರಿಸಿಕೊಳ್ಳಿ, ಪೃಷ್ಠದ ಸ್ನಾಯು ಗಟ್ಟಿಯಾಗದೆ ಸೊಂಟ ನೆಟ್ಟಗಾಗುವುದಿಲ್ಲ.

ಎರಡೂ ಕಾಲು ನೆಟ್ಟಗೆ ಎತ್ತಿ ಇಳಿಸುವ ವ್ಯಾಯಾಮವನ್ನು ಹೊಸಬರು ಮೊದಲ ದಿನವೇ ಶುರು ಮಾಡುತ್ತಾರೆ. ತೊಡೆಯಿಂದ ಹೊರಟು ಸೊಂಟದ ಕಶೇರುಗಳಿಗೆ ಅಂಟಿಕೊಂಡ ಸ್ನಾಯು ಆಗ ಬೆನ್ನನ್ನೇ ಮೇಲಕ್ಕೆ ಜಗ್ಗುತ್ತದೆ. ಹೊಟ್ಟೆಗೆ ಬಲ ಬಾರದೆ ಇದನ್ನು ಮಾಡಿದರೆ ನೋವು ಖಾತ್ರಿ. ಒಂದೆರಡು ತಿಂಗಳು ತಡೆಯಿರಿ.

ವಾರಕ್ಕೆ ಮೂರು ಅಥವಾ ನಾಲ್ಕು ದಿನ, ಕಾಲು ಗಂಟೆ. ನಡುವಿನ ದಿನಗಳು ಸ್ನಾಯುವಿನ ವಿಶ್ರಾಂತಿಗೆ. ಊಟವಾಗಿ ಮೂರು ಗಂಟೆಯಾದರೂ ಕಳೆದಿರಲಿ, ಉಸಿರು ಕಟ್ಟಬೇಡಿ, ರಕ್ತದೊತ್ತಡ ಇರುವವರಂತೂ ಕಟ್ಟಲೇಬಾರದು. ಹರ್ನಿಯಾ ಇರುವವರು, ಸಿಸೇರಿಯನ್ ಆಗಿ ಹೆಚ್ಚು ದಿನವಾಗದವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಇದಕ್ಕೆ ಇಳಿಯಬಾರದು. ಕೈಕಾಲು ಸೊರಗುತ್ತ ಹೊಟ್ಟೆ ಮಾತ್ರ ಉಬ್ಬುತ್ತ ಹೋದರೆ ಅದು ವ್ಯಾಯಾಮದ ವಿಷಯವೇ ಅಲ್ಲ, ತಡಮಾಡದೆ ತೋರಿಸಿಕೊಳ್ಳಿ.

ತೂಕದ ಯಂತ್ರಕ್ಕಿಂತ ಟೈಲರ್ ಟೇಪನ್ನು ನಂಬಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲ್ತುದಿಗೂ ನಡುಮಧ್ಯದಲ್ಲಿ, ಸಹಜವಾಗಿ ಉಸಿರು ಬಿಟ್ಟ ಕೊನೆಯಲ್ಲಿ ಅಳೆಯಿರಿ. ಹೊಟ್ಟೆ ಎಳೆದುಕೊಂಡರೆ ಯಾರಿಗೆ ಮೋಸ? ಭಾರತೀಯ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ಎಚ್ಚರ ಬೇಕು. ತಿಂಗಳಿಗೆ ಎರಡು ಸಲ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಅಳೆದು ಬರೆದಿಡಿ. ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಯ ವಾರದಲ್ಲಿ ಮಾತ್ರ ಟೇಪು ಮುಟ್ಟಬೇಡಿ. ಮನೆಗೆ ಬಂದ ನೆಂಟರ ಜೊತೆ ಕೂತು ಉಣ್ಣಿ, ಅವರನ್ನು ಬಸ್ ಹತ್ತಿಸಿದ ಮರುದಿನ ಮತ್ತೆ ಏರಿಯ ಮೇಲೆ ಬನ್ನಿ.